ಬಿಚ್ಚಿಟ್ಟ ಮೋಟರು

ನಮ್ಮವ್ವನ ಹೊಲಿಗೆ ಮಷೀನಿನ ಮೋಟರು ಮೊನ್ನೆಮೊನ್ನೆಯವರೆಗೂ ಒಂದು ಬಟ್ಟೆ ಚೀಲದಲ್ಲಿ ಗಂಟು ಕಟ್ಟಿಸಿಕೊಂಡು ಗೂಡಿನಲ್ಲಿ ಕೂತಿತ್ತು. ಕೆಟ್ಟಿರಲಿಲ್ಲ. ಮಾರುವ ಮಾತನ್ನೂ ಯಾರೂ ಎತ್ತಿರಲಿಲ್ಲ. ತೆಲುಗು ನಾಡಿಗೆ ಸೇರಿದ ರಾಯದುರ್ಗದ ನಮ್ಮ ಓಣಿಯಲ್ಲಿ ಬೆಳಗಾದರೆ ಮನೆಮನೆಯಲ್ಲೂ ಮೋಟರುಗಳು ಗುರುಗುಟ್ಟತೊಡಗುತ್ತವೆ. ಒಬ್ಬರು ಜೀನ್ಸಿನ ಜೇಬು ಹೊಲಿದರೆ ಇನ್ನೊಬ್ಬರು ಸೊಂಟದ ಪಟ್ಟಿ, ಮತ್ತೊಬ್ಬರು ಕಾಲಿನ ಅಂಚು. ಅಷ್ಟು ಸದ್ದಿನ ನಡುವೆ ನಮ್ಮ ಮನೆಯಿಂದ ಮಾತ್ರ ಕಾಲಿನಿಂದ ತುಳಿಯುವ ಮಷೀನಿನ ಟಕಟಕ ಕೇಳುತ್ತಿತ್ತು.

ತುಳಿದೂ ತುಳಿದೂ ಅವ್ವನ ಮೊಣಕಾಲು ಸವೆದಿದ್ದವು. ಕೂತರೆ ಏಳಲು ಗೋಡೆ ಬೇಕು, ಎದ್ದರೆ ಕೂರಲು ಇನ್ನೊಬ್ಬರ ಕೈ ಬೇಕು. ನಾನು ಪಾಠ ಹೇಳುವ ಮಡಕಶಿರಾದಿಂದ ರಜೆಗೆ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ಜಗಳ ತೆಗೆಯುತ್ತಿದ್ದೆ.

"ಅವ್ವಾ, ಆ ಮೋಟರ್ ಹಾಕ್ಕೋ. ಕಾಲು ನೋಡ್ಕೊಂಡೀಯೇನು ಹೆಂಗಾಗ್ಯಾವು?"

"ಆತು ಬಿಡು, ಹಾಕ್ಕಂತೀನಿ," ಅನ್ನುತ್ತಿದ್ದಳು. ಅನ್ನುತ್ತಲೇ ತುಳಿಯುತ್ತಿದ್ದಳು.

ನಾನು ಮುಂಗೋಪಿ. ಹೇಳಿದ ಮಾತು ಕೇಳದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ, ಅದು ಕಾಲೇಜಿನ ಮಕ್ಕಳಾದರೂ ಸರಿ, ಹೆತ್ತವ್ವನಾದರೂ ಸರಿ. ಆದರೆ ಆ ಮೋಟರಿನ ವಿಷಯದಲ್ಲಿ ನನ್ನ ಸಿಟ್ಟು ಅರ್ಧಕ್ಕೇ ಆರಿಹೋಗುತ್ತಿತ್ತು. ಅದು ಯಾಕೆ ಚೀಲ ಸೇರಿತು ಎಂಬುದು ನನಗೆ ಗೊತ್ತಿತ್ತಲ್ಲ. ಅದರಲ್ಲಿ ನನ್ನ ಮಾತಿನದೂ ಒಂದು ಪಾಲಿತ್ತು.

ನನಗೊಬ್ಬ ತಮ್ಮನಿದ್ದ. ನನಗಿಂತ ಬಹಳ ಚಿಕ್ಕವನು. ನಾನು ದೊಡ್ಡ ಹುಡುಗಿಯಾಗಿ ಸ್ಕೂಲಿಗೆ ಹೋಗುವಾಗ ಹುಟ್ಟಿದ. ಗುಂಡುಗುಂಡಾಗಿ, ದೊಡ್ಡ ತಲೆ, ಮುಂದೆ ಬಂದ ಹೊಟ್ಟೆ, ಒತ್ತಾದ ಬಿರುಸು ಕೂದಲು. ಓಣಿಯ ಹೆಂಗಸರು ಗಲ್ಲ ಹಿಂಡಿ "ಸಾಹುಕಾರ ಇದ್ದಂಗ ಅದಾನ" ಅನ್ನುತ್ತಿದ್ದರು. ನಾವೂ ಹಾಗೇ ಅಂದುಕೊಂಡೆವು. ಅಪ್ಪ ಗಾರ್ಮೆಂಟಿನಲ್ಲಿ ಕಟಿಂಗ್ ಮಾಸ್ಟರು. ತಮ್ಮನ ಅಂಗಿಗೆ ಕತ್ತು ಸ್ವಲ್ಪ ಅಗಲ ಬಿಟ್ಟು ಕತ್ತರಿಸಿಕೊಡುತ್ತಿದ್ದ, ಅವ್ವ ಹೊಲಿಯುತ್ತಿದ್ದಳು. ಅವನಿಗೆ ಏನೇ ಬೇಕಾದರೂ, ನೀರಿಗೂ ಜಗಳಕ್ಕೂ ನಿದ್ದೆಗೂ, "ಅಕ್ಕಾ" ಒಂದೇ ಮಾತು. ಇಡೀ ದಿನ ಅಕ್ಕಾ, ಅಕ್ಕಾ. ಓದಲು ಬಿಡೋ ಮಾರಾಯ ಎಂದು ನಾನು ಬಾಗಿಲು ಹಾಕಿಕೊಂಡರೆ ಬಾಗಿಲಿಗೇ ಬಾಯಿಟ್ಟು ಅಕ್ಕಾ ಅನ್ನುತ್ತಿದ್ದ.

ಅವನಿಗೆ ಇಷ್ಟವಾದ ಆಟ ದಾರ ಕತ್ತರಿಸುವುದು. ಅವ್ವ ಜೇಬಿನ ಒಳಬಟ್ಟೆ ಹೊಲಿದು ಹೊಲಿದು ಕೆಳಗೆ ಬಿಡುತ್ತಿದ್ದಳು. ಒಂದಕ್ಕೊಂದು ದಾರದಿಂದ ಜೋತುಕೊಂಡ ಜೇಬುಗಳ ಮಾಲೆ ಉದ್ದಕ್ಕೆ ಬೀಳುತ್ತಿತ್ತು. ನಾನು ಪುಟ್ಟ ಕತ್ತರಿಯಿಂದ ಅವನ್ನು ಬಿಡಿಸುತ್ತಿದ್ದೆ. ಅವನಿಗೂ ಒಂದು ಕತ್ತರಿ ಬೇಕೇ ಬೇಕು. ಆದರೆ ಸ್ಕೂಲಿಗೆ ಸೇರುವ ವಯಸ್ಸಿಗೆ ಅವನ ಬೆರಳುಗಳು ಒಳಕ್ಕೆ ಬಾಗತೊಡಗಿದವು. ಹೆಬ್ಬೆರಳು ಕತ್ತರಿಯ ಕಣ್ಣಿಗೆ ಹೋಗಲೊಲ್ಲದು. ಆಗ ನಾವಿಬ್ಬರೂ ಒಪ್ಪಂದ ಮಾಡಿಕೊಂಡೆವು. ಅವನು ಎರಡು ಮುಷ್ಟಿಯಲ್ಲಿ ದಾರವನ್ನು ಬಿಗಿಯಾಗಿ ಎಳೆದು ಹಿಡಿದು "ಅಕ್ಕಾ, ಕಟ್" ಅನ್ನಬೇಕು, ನಾನು ಕತ್ತರಿಸಬೇಕು. ಕತ್ತರಿಸಿದ್ದು ತಾನೇ ಎಂಬಂತೆ ಅವ್ವನ ಕಡೆ ತಿರುಗಿ ನೋಡುತ್ತಿದ್ದ.

ಬೆರಳು, ಆಮೇಲೆ ಮೊಣಕೈ, ಆಮೇಲೆ ಭುಜ. ಎತ್ತರ ಬೆಳೆಯುವುದು ನಿಂತಿತು. ಕಿವಿ ಮಂದವಾಯಿತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಕೊನೆಗೆ ದೊಡ್ಡ ಊರಿನ ಒಬ್ಬ ಡಾಕ್ಟರ ಮುಂದೆ ಕೂತೆವು. ನಾನಾಗ ಡಿಗ್ರಿಯಲ್ಲಿ ಕೆಮಿಸ್ಟ್ರಿ ಓದುತ್ತಿದ್ದೆ. ಡಾಕ್ಟರು ತೆಲುಗಿನಲ್ಲಿ ನಿಧಾನವಾಗಿ, ಮರ್ಯಾದೆಯಿಂದ ಎಲ್ಲವನ್ನೂ ಹೇಳಿದರು. ಹುಟ್ಟಿನಿಂದಲೇ ಬಂದದ್ದು, ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ ಅಂದರು. ಅವ್ವ ಅದೊಂದನ್ನು ಕೇಳಿಸಿಕೊಂಡಳು. ಆಮೇಲೆ ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಿದ್ದಳು, ಕಣ್ಣು ಮಾತ್ರ ತಮ್ಮನ ಮುಷ್ಟಿಯ ಮೇಲಿತ್ತು. ಮುಂದೆ ನನಗೆ ಹುಟ್ಟುವ ಮಕ್ಕಳಿಗೂ ಬಂದೀತೇನೋ ಎಂದು ನನ್ನ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ನನ್ನಲ್ಲಿ ಆ ದೋಷ ಇಲ್ಲವೆಂದು ಗೊತ್ತಾದ ದಿನ ಅವ್ವ ಜೋರಾಗಿ ಅತ್ತಳು. ಅಲ್ಲಿಯವರೆಗೆ ಒಂದು ಹನಿ ಉದುರಿಸಿರಲಿಲ್ಲ.

ಊರಿಗೆ ಬಂದ ಮೇಲೆ ಮನೆಯವರಿಗೆ ತಿಳಿಸಿ ಹೇಳುವ ಕೆಲಸ ನನಗೆ ಬಿತ್ತು. ಕೆಮಿಸ್ಟ್ರಿ ಓದುವವಳು ನಾನೇ ತಾನೆ. ಗ್ಲೈಕೋಸಮಿನೋಗ್ಲೈಕ್ಯಾನ್ ಎಂದೆ. ಅಪ್ಪ "ಇದೇನಬೇ, ಇಂಥ ಹೆಸರಿನ ಸ್ಟೇಷನ್ನಿಗೆ ಟಿಕೀಟ್ ಕೇಳಾಕೂ ಬಾಯಿ ತಿರುಗಲ್ಲ" ಅಂದ. ಅಷ್ಟು ದುಃಖದಲ್ಲೂ ನಕ್ಕೆವು. ಮೈ ತನಗಾಗಿ ಉದ್ದುದ್ದ ಸಕ್ಕರೆಯ ಎಳೆಗಳನ್ನು ಮಾಡಿಕೊಳ್ಳುತ್ತದೆ, ಆ ಹೆಸರು ಅವುಗಳದ್ದೇ. ಕೀಲುಗಳ ನಡುವೆ, ಹೃದಯದ ಕವಾಟದಲ್ಲಿ, ಚರ್ಮದಲ್ಲಿ, ಎಲ್ಲೆಲ್ಲೂ ಅವು ಬೇಕು. ಮಾಡುವ ಕಿಣ್ವಗಳು ಬೇರೆ, ಹಳೆಯದಾದವನ್ನು ಕತ್ತರಿಸಿ ತೆಗೆಯುವ ಕಿಣ್ವಗಳು ಬೇರೆ. ತಮ್ಮನಲ್ಲಿ ಕತ್ತರಿಸುವ ಒಂದು ಕಿಣ್ವ ಇರಲಿಲ್ಲ. ಇದನ್ನೆಲ್ಲ ಹೇಳುತ್ತಾ ಅವ್ವನ ಮುಖ ನೋಡಿದೆ. ಅವಳಿಗೆ ತಲುಪಿರಲಿಲ್ಲ. ಎದುರಿಗೆ ಮಷೀನಿತ್ತು. ಅದನ್ನೇ ತೋರಿಸಿ ಹೇಳಿದೆ.

"ನೋಡವ್ವಾ. ಇವನ ಮೈಯಾಗ ಮಷೀನ್ ಹೊಲೀತಾನೇ ಐತಿ, ಕತ್ತರಿ ಇಲ್ಲ. ದಾರ ಎಲ್ಲಾ ಕಡೆ ಸುತ್ಕೊಂಡು ಕೂತೈತಿ. ಬೆರಳಾಗ, ಕಿವ್ಯಾಗ, ಎದಿಯಾಗ."

"ಕತ್ತರಿ ತರಾಕ ಬರಲ್ಲೇನು?"

ಆ ಕಿಣ್ವವನ್ನೇ ನರಕ್ಕೆ ಏರಿಸುವ ಔಷಧಿ ಎಲ್ಲೋ ಇದೆ, ನಮ್ಮಂಥವರ ಕೈಗೆ ಸಿಗುವಂಥದ್ದಲ್ಲ, ಸಿಕ್ಕರೂ ಅದು ಮಿದುಳಿಗೆ ಹೋಗಿ ಮುಟ್ಟುವುದಿಲ್ಲ ಎಂದೆ. "ಅದಕ್ಕ ಡಾಕ್ಟರು ಇನ್ನೊಂದು ದಾರಿ ಹೇಳ್ಯಾರ. ಕತ್ತರಿ ಇಲ್ಲಂದ್ರ ಮಷೀನಾರ ನಿಧಾನ ಮಾಡೋದು. ಎಳಿ ಕಮ್ಮಿ ಹುಟ್ಟಿದ್ರ ಕಮ್ಮಿ ಸುತ್ಕೊಂತೈತಿ."

ಅದು ಸೋಯಾ ಕಾಳಿನಿಂದ ತೆಗೆದ ಒಂದು ಪುಡಿ. ಜೆನಿಸ್ಟೀನ್ ಅಂತ ಅದರ ಹೆಸರು. ಎಳೆ ನೂಲುವ ಕಿಣ್ವಗಳಿಗೆ ಮೈ ಕೊಡುವ ಹುಕುಮನ್ನೇ ಅದು ತಗ್ಗಿಸುತ್ತದೆ ಎಂಬ ಲೆಕ್ಕ. ಗುಣವಾಗುತ್ತದೆಂದು ಡಾಕ್ಟರು ಹೇಳಲಿಲ್ಲ. ನೋಡೋಣ ಎಂದರು, ಅಷ್ಟೇ.

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಪ್ಪ ಸ್ಕ್ರೂಡ್ರೈವರ್ ಹಿಡಿದು ಮಷೀನಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಮೋಟರು ಬಿಚ್ಚಿ ನೆಲದ ಮೇಲಿಟ್ಟಿದ್ದ. ಅವ್ವ ಹಳೆಯ ಚರ್ಮದ ಬೆಲ್ಟನ್ನು ಕೆಳಗಿನ ದೊಡ್ಡ ಗಾಲಿಗೆ ಏರಿಸುತ್ತಿದ್ದಳು.

ಯಾಕ ಎಂದು ಕೇಳಿದೆ.

"ಒಳಗಿಂದು ನಿಧಾನ ಆಗ್ಬೇಕಂದ್ರ ಹೊರಗಿಂದು ಯಾಕ ಹಾಂಗ ಓಡ್ಬೇಕು?" ಅಂದಳು ಅವ್ವ.

ನನಗೆ ರೇಗಿತು. ತಿಳಿಯಲೆಂದು ಮಷೀನಿನ ಮಾತು ಹೇಳಿದ್ದು, ಹರಕೆ ಕಟ್ಟಿಕೊಳ್ಳಲಿಕ್ಕಲ್ಲ ಎಂದು ಕೂಗಾಡಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ, ಓದಿದ ಮಗಳನ್ನು ಮನೆಯಲ್ಲಿಟ್ಟುಕೊಂಡು ಹೀಗೆಲ್ಲ ಮಾಡಿದರೆ ಕೇಳಿದವರು ನಗುವುದಿಲ್ಲವೇ ಎಂದೆ. ಅವ್ವ ಬೆಲ್ಟನ್ನು ಸರಿಪಡಿಸಿ ಕಾಲಿಟ್ಟು ನೋಡಿದಳು.

"ನನಗೇನು ತಿಳಿಯಲ್ಲ ಅಂದ್ಕೊಂಡೀಯೇನು? ಅವನ ಒಳಗಿನ ಮಷೀನು ನನ್ನ ಮಾತು ಕೇಳಂಗಿಲ್ಲ. ಇದು ಕೇಳ್ತೈತಿ."

ಅಪ್ಪ ಮೋಟರನ್ನು ಒರೆಸಿ ಚೀಲಕ್ಕೆ ಹಾಕಿದ.

ಪುಡಿ ಕಹಿ. ಮಾಸಲು ಹಳದಿ. ಬಾಳೆಹಣ್ಣಿನಲ್ಲಿ ಹಿಸುಕಿ, ಬೆಲ್ಲ ಸೇರಿಸಿ, ಕತೆ ಹೇಳಿ ತಿನ್ನಿಸಬೇಕು. ಅರ್ಧ ನುಂಗಿ ಅರ್ಧ ನನ್ನ ಕೈಗೇ ಉಗಿದು "ಅಕ್ಕಾ, ಬ್ಯಾಡ" ಅನ್ನುತ್ತಿದ್ದ. ಉಗಿದದ್ದನ್ನೂ ಬಳಿದು ಮತ್ತೆ ತಿನ್ನಿಸುತ್ತಿದ್ದೆ. ಅವ್ವ ಅತ್ತ ತುಳಿಯುತ್ತಾ "ಹೋತೇನು?" ಎಂದು ಕೇಳುತ್ತಿದ್ದಳು. ಹೊಟ್ಟೆಗೆ ಹೋಯಿತು ಎಂದ ಮೇಲೆ ತುಳಿತ ಇನ್ನೂ ಒಂದಿಷ್ಟು ನಿಧಾನವಾಗುತ್ತಿತ್ತು. ಗಾರ್ಮೆಂಟಿನವರು ಬೈದರು, ಹೊಲಿಯಲು ಕಳಿಸುವ ಬಟ್ಟೆಯ ಬಂಡಲ್ಲುಗಳನ್ನು ಕಮ್ಮಿ ಮಾಡಿದರು. ಅವಳು ಕಾಲಿನ ಲಯ ಬಿಡಲಿಲ್ಲ.

ಒಂದು ಕಾಲ ಹಾಗೆ ಬಂತು, ಅದನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ಅವನ ಬಿರುಸು ಕೂದಲು ಮೆತ್ತಗಾಯಿತು. ಎಣ್ಣೆ ಹಚ್ಚುವಾಗ ಮೊದಲು ಗೊತ್ತಾದದ್ದು ಅವ್ವನಿಗೆ. ಆಮೇಲೆ ಬೆರಳುಗಳು. ಡಾಕ್ಟರು ಅಳತೆಪಟ್ಟಿ ಹಿಡಿದು ಬೆರಳಿನ ಕೋನ ನೋಡಿ "ಕೊಂಚೆಂ" ಎಂದರು, ಸ್ವಲ್ಪ ಎಂದು. ಹೆಚ್ಚು ಆಸೆ ಹತ್ತಿಸಲಿಲ್ಲ. ನಮಗೆ ಆ ಸ್ವಲ್ಪವೇ ಸಾಕಾಗಿತ್ತು. ಒಂದು ಮಧ್ಯಾಹ್ನ ಅವನ ಹೆಬ್ಬೆರಳು ಕತ್ತರಿಯ ಕಣ್ಣಿಗೆ ಹೋಯಿತು. ನಾನು ದಾರ ಹಿಡಿದೆ. ಅವನೇ "ಕಟ್" ಎಂದು ಹೇಳಿಕೊಂಡು ಅವನೇ ಕತ್ತರಿಸಿದ. ಆ ದಿನ ಮನೆಯಲ್ಲಿದ್ದ ದಾರವನ್ನೆಲ್ಲ ಕತ್ತರಿಸಿದ್ದಾಯಿತು, ಬೇಕಾದದ್ದು ಬೇಡಾದದ್ದು ಎಲ್ಲ. ಹೊಸ ದಾರದ ಉಂಡೆಯನ್ನೂ ಕಟ್ ಮಾಡಿ ಅಪ್ಪನ ಕೈಯಲ್ಲಿ ಬೈಸಿಕೊಂಡ. ಬೈಯುತ್ತಲೇ ಅಪ್ಪ ಇನ್ನೊಂದು ಉಂಡೆ ತಂದುಕೊಟ್ಟ.

ಪುಡಿಯ ಗುಣವೋ, ನಮ್ಮ ಆಸೆಗಣ್ಣೋ, ಈಗಲೂ ನನಗೆ ಗೊತ್ತಿಲ್ಲ. ಅವ್ವನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಪುಡಿಯದು ಅರ್ಧ, ತನ್ನ ಕಾಲಿನದು ಅರ್ಧ.

ನಾನು ಮುಂದೆ ಓದಲು ಹೈದರಾಬಾದಿಗೆ ಹೋದೆ. ಯಾವ ವಿಷಯ ತೆಗೆದುಕೊಂಡೆ ಎಂದು ಹೇಳಬೇಕಾಗಿಲ್ಲ. ಆ ಎಳೆಗಳನ್ನು ಕಟ್ಟುವ ಕಿಣ್ವಗಳ ದಾರಿ ತಪ್ಪಿಸುವ ಸಣ್ಣಸಣ್ಣ ರಾಸಾಯನಿಕಗಳ ಮೇಲೆ ಅಲ್ಲಿನ ಲ್ಯಾಬಿನಲ್ಲಿ ಕೆಲಸ ನಡೆಯುತ್ತಿತ್ತು. ಮೈಯಲ್ಲಿ ಈ ಎಳೆಗಳಲ್ಲಿ ಹೆಚ್ಚಿನವು ಒಂದು ಪ್ರೋಟೀನಿನ ಮೇಲೆ ಶುರುವಾಗುತ್ತವೆ. ಕ್ಸೈಲೋಸ್ ಎಂಬ ಸಕ್ಕರೆ ಅಲ್ಲಿ ಮೊದಲ ಹೊಲಿಗೆ. ನಾವು ಆ ಸಕ್ಕರೆಗೊಂದು ಬಾಲ ಅಂಟಿಸಿ ಜೀವಕೋಶಕ್ಕೆ ಹಾಕುತ್ತಿದ್ದೆವು. ಕಿಣ್ವ ಮೋಸಹೋಗಿ ಇದರ ಮೇಲೆಯೇ ಎಳೆ ಕಟ್ಟತೊಡಗುತ್ತದೆ, ನಿಜವಾದ ಜಾಗ ಖಾಲಿ ಉಳಿಯುತ್ತದೆ. ಇದಕ್ಕೆ ಕ್ಸೈಲೋಸೈಡ್ ಎಂದು ಹೆಸರು. ಅವ್ವ ಹೊಸ ಬಂಡಲ್ಲಿಗೆ ಕೈ ಹಾಕುವ ಮುಂಚೆ ಒಂದು ಚಿಂದಿಯ ಮೇಲೆ ಮಷೀನು ಓಡಿಸಿ ನೋಡುತ್ತಿದ್ದಳು, ಆ ಚಿಂದಿಯ ಹಾಗೆ ಇದು. ಇನ್ನೂ ಒಂದು ಜಾತಿಯಲ್ಲಿ ಮುಂದಿನ ಸಕ್ಕರೆ ಸೇರಬೇಕಾದ ಜಾಗವನ್ನೇ ಮುಚ್ಚಿಬಿಡುತ್ತಿದ್ದೆವು. ಕಿಣ್ವ ಅದನ್ನು ಹಿಡಿದುಕೊಂಡು ಏನೂ ಹೊಲಿಯಲಾಗದೆ ಸುಮ್ಮನೆ ನಿಲ್ಲುತ್ತಿತ್ತು.

ಲ್ಯಾಬಿನಲ್ಲಿ ನನ್ನ ಜೊತೆಯವರು ಪದವಿಗಾಗಿ ದುಡಿಯುತ್ತಿದ್ದರು. ನಾನು ತಮ್ಮನ ಬಾಯಿಯ ಒಂದು ಮಾತಿಗಾಗಿ ದುಡಿಯುತ್ತಿದ್ದೆ. ಯಾಕೆಂದರೆ ಅಷ್ಟರಲ್ಲಿ ಆ ಒಳ್ಳೆಯ ಕಾಲ ಮುಗಿದಿತ್ತು. ಬೆರಳುಗಳು ಮತ್ತೆ ಮುಚ್ಚಿಕೊಂಡವು, ಮಾತುಗಳು ಒಂದೊಂದಾಗಿ ಹೋಗತೊಡಗಿದವು. "ಕಟ್" ಮೊದಲು ಹೋಯಿತು. ನೀರು, ಬ್ಯಾಡ, ಅಪ್ಪ, ಅವ್ವ ಎಲ್ಲವೂ ಹೋದವು. ಅಕ್ಕ ಮಾತ್ರ ಬಹಳ ದಿನ ಉಳಿಯಿತು. ಹೆತ್ತವಳನ್ನೇ ಮರೆತು ನಿನ್ನನ್ನು ಹಿಡ್ಕೊಂಡಾನ ನೋಡು ಎಂದು ಅವ್ವ ಫೋನಿನಲ್ಲಿ ನಗುತ್ತಿದ್ದಳು. ನಕ್ಕು ಫೋನನ್ನು ಅವನ ಬಾಯಿಯ ಹತ್ತಿರ ಹಿಡಿಯುತ್ತಿದ್ದಳು.

ಅವನು ಮಷೀನಿನ ಬುಡದಲ್ಲಿ ನೀಲಿ ಬಟ್ಟೆಯ ಗುಡ್ಡೆಯ ಮೇಲೆ ಮಲಗಿರುತ್ತಿದ್ದ. ಕಿವಿ ಪೂರ್ತಿ ಹೋಗಿತ್ತು. ಅಂಗೈಯನ್ನು ಮಷೀನಿನ ಕಬ್ಬಿಣದ ಕಾಲಿಗೆ ಒತ್ತಿ ಆ ತುಳಿತವನ್ನು ಕೈಯಿಂದಲೇ ಕೇಳುತ್ತಿದ್ದ. ಹಿಂದೆ ಮೋಟರಿನ ನಡುಕಕ್ಕೆ ಮುಖ ಕಿವುಚಿ ಕೈ ಕಿತ್ತುಕೊಳ್ಳುತ್ತಿದ್ದವನು ಈ ನಿಧಾನದ ತುಳಿತಕ್ಕೆ ಕೈಯಿಟ್ಟುಕೊಂಡೇ ನಿದ್ದೆಹೋಗುತ್ತಿದ್ದ. ಹೈದರಾಬಾದಿನಲ್ಲಿ ಫೋನು ಕಿವಿಗೆ ಒತ್ತಿಕೊಂಡು ನಾನು ಕಾಯುತ್ತಿದ್ದೆ. ಟಕ, ಟಕ. ಅವನ ಗೊರಗೊರ ಉಸಿರು. ಮತ್ತೆ ಟಕ, ಟಕ. ಬಂದರೆ ಬಂತು, ಒಂದು "ಅಕ್ಕಾ". ಬಾರದ ದಿನ ಊಟ ಸೇರುತ್ತಿರಲಿಲ್ಲ.

ಒಂದು ದಿನ ಲ್ಯಾಬಿನಲ್ಲಿ, ಜೀವಕೋಶ ಬೆಳೆಸುವ ನನ್ನ ಗಾಜಿನ ತಟ್ಟೆಯಲ್ಲಿ, ಎಳೆಗಳು ನಿಜಕ್ಕೂ ಕಡಿಮೆಯಾದವು. ಮತ್ತೆ ಮಾಡಿ ನೋಡಿದೆ, ಮತ್ತೆ ಕಡಿಮೆ. ಮೆಟ್ಟಿಲಿಳಿದು ಓಡಿ ಅವ್ವನಿಗೆ ಫೋನ್ ಮಾಡಿದೆ.

"ಅವ್ವಾ, ನಿಧಾನ ಆತು! ಮಷೀನ್ ನಿಧಾನ ಆತು!"

"ಇವನಿಗೆ ಯಾವಾಗ ಕೊಡಬೋದು?"

ಆ ಪ್ರಶ್ನೆ ಬರುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ಗಾಜಿನ ತಟ್ಟೆಯಿಂದ ಮಗುವಿನ ಬಾಯಿಗೆ ಇರುವ ದಾರಿ ಬಹಳ ಉದ್ದ, ಅದರಲ್ಲಿ ಬಹುಪಾಲು ಪದಾರ್ಥಗಳು ನಡುವೆಯೇ ಬಿದ್ದುಹೋಗುತ್ತವೆ ಎಂದು ಹೇಗೋ ತಡವರಿಸಿದೆ.

"ಆತು. ನೀನು ಅಲ್ಲಿ ನಿನ್ನ ಕೆಲಸ ಮಾಡು. ನಾನಿಲ್ಲಿ ತುಳೀತಿರ್ತೀನಿ," ಅಂದಳು ಅವ್ವ.

ಆ ಚಳಿಗಾಲದಲ್ಲಿ ಕಫ ಕಟ್ಟಿ ತಮ್ಮ ಹೋದ. ನಾನು ಬರುವಷ್ಟರಲ್ಲಿ ಅಂಗಳದಲ್ಲಿ ಜನ ಸೇರಿದ್ದರು. ಮಷೀನಿನ ಮೇಲೆ ಅರ್ಧ ಹೊಲಿದ ಜೇಬು ಸೂಜಿಯ ಕೆಳಗೇ ಇತ್ತು. ಅವನ ಕೈ ಹಿಡಿದು ಬೆರಳು ಬಿಡಿಸಲು ನೋಡಿದೆ, ಬರಲಿಲ್ಲ. ಅಷ್ಟು ದಿನ ಕಾದಿದ್ದ ಆ ಒಂದು ಮಾತು ಕೊನೆಯ ಸಲ ಯಾವ ದಿನ ಬಂದಿತ್ತೋ ನನಗೆ ನೆನಪಿಲ್ಲ. ಕೊನೆಯದೆಂದು ಗೊತ್ತಿದ್ದರೆ ಇನ್ನಷ್ಟು ಗಮನವಿಟ್ಟು ಕೇಳುತ್ತಿದ್ದೆ.

ಅವನು ಬೇಕು ನನಗೆ. ಈಗಲೂ. ಬೆರಳು ಬಾಗಿದವನೇ ಸಾಕು, ಮಾತಿಲ್ಲದವನೇ ಸಾಕು.

ಲ್ಯಾಬಿಗೆ ಮತ್ತೆ ಹೋದೆ, ಆದರೆ ಆ ತಟ್ಟೆಗಳನ್ನು ನೋಡಲಾಗಲಿಲ್ಲ. ಹೇಗೋ ಪದವಿ ಮುಗಿಸಿ ಮಡಕಶಿರಾದ ಕಾಲೇಜಿನಲ್ಲಿ ಪಾಠ ಹೇಳಲು ಸೇರಿಕೊಂಡೆ. ರೊಳ್ಳ, ಗುಡಿಬಂಡೆ ಕಡೆಯಿಂದ ಆಟೋಗಳಲ್ಲಿ ತುಂಬಿಕೊಂಡು ಬರುವ ಮಕ್ಕಳು. ಕಿಣ್ವಗಳ ಪಾಠ ಬಂದಾಗ ನಾನು ಮಷೀನಿನ ಉದಾಹರಣೆ ಕೊಡುವುದಿಲ್ಲ. ಬೀಗ, ಕೀಲಿ ಎಂದು ಪುಸ್ತಕದಲ್ಲಿರುವುದನ್ನೇ ಹೇಳಿ ಮುಗಿಸುತ್ತೇನೆ. ಅವ್ವ ಮಾತ್ರ ಸೂತಕ ಕಳೆದ ಮೇಲೆ ಮಷೀನಿಗೆ ಕೂತವಳು ಮೋಟರಿನ ಕಡೆ ನೋಡಲೇ ಇಲ್ಲ. ವರ್ಷವರ್ಷವೂ ಆಯುಧಪೂಜೆಗೆ ಅಪ್ಪ ಅದನ್ನು ಚೀಲದಿಂದ ತೆಗೆದು, ಎಣ್ಣೆ ಬಿಟ್ಟು, ಕುಂಕುಮ ಇಟ್ಟು ಮಷೀನಿನ ಪಕ್ಕದಲ್ಲಿಡುತ್ತಿದ್ದ. ಅವಳು ಅದಕ್ಕೂ ಹೂವು ಏರಿಸುತ್ತಿದ್ದಳು. ಸಂಜೆಗೆ ಮತ್ತೆ ಚೀಲಕ್ಕೆ.

ಮಡಕಶಿರಾದಲ್ಲಿ ನನ್ನ ಮನೆ ಮಾಲೀಕರಮ್ಮನಿಗೂ ಮಂಡಿ ನೋವು. ನನ್ನ ರಾಯದುರ್ಗದ ಮಾತಿನ ರೀತಿಯನ್ನು ಹಂಗಿಸುವುದು ಆಕೆಗೆ ದಿನದ ಕಾಫಿ ಇದ್ದ ಹಾಗೆ. ಒಂದು ಸಂಜೆ ಜಗಲಿಯ ಮೇಲೆ ಮಾತ್ರೆಯ ಹಾಳೆ ಹಿಡಿದು ಕರೆದಳು.

"ಏನಮ್ಮ ಯಾಕ-ಗೀಕ ಮೇಡಮ್ಮು, ಬಾ ಇಲ್ಲಿ. ನಿಮ್ಮಮ್ಮುಂಗೂ ಮಂಡಿ ನೋವು ಅಂತಿದ್ಯಲ್ಲ, ಇದುನ್ನ ಕೊಡ್ಸು. ನಂಗೆ ಒಸಿ ವಾಸಿಯಾಗೈತೆ."

ಹಾಳೆಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿದೆ. ಗ್ಲೂಕೋಸಮೈನ್. ನಿಂತಲ್ಲೇ ನಿಂತುಬಿಟ್ಟೆ. ಆ ಎಳೆಗಳನ್ನು ಕಟ್ಟುವ ಕಿಣ್ವಗಳಿಗೆ ಬೇಕಾದ ಕಚ್ಚಾ ಮಾಲು ಅದು. ಮೈಗೆ ಅದನ್ನು ಹೆಚ್ಚು ಒದಗಿಸಿದರೆ ಕೀಲಿನಲ್ಲಿ ಎಳೆಗಳು ಹೆಚ್ಚು ಹುಟ್ಟಿಯಾವು ಎಂಬ ಆಸೆಯಿಂದ ಕೊಡುತ್ತಾರೆ. ಇಷ್ಟು ವರ್ಷ ನಾನು ಯಾವುದನ್ನು ತಡೆಯಲು ಒದ್ದಾಡಿದೆನೋ, ಅದನ್ನು ಹೆಚ್ಚಿಸಲೆಂದೇ ಈ ಮಾತ್ರೆ. "ಯಾಕಮ್ಮ, ಏನಾಯ್ತು?" ಎಂದು ಆಕೆ ಕೇಳುತ್ತಿದ್ದಳು. ಏನಿಲ್ಲ ಎಂದೆ.

ಮುಂದಿನ ರಜೆಗೆ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ಅವ್ವನನ್ನು ಮೂಳೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರೂ ಅದನ್ನೇ ಬರೆದರು, ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಇಲ್ಲ ಎಂದರು. ಮಾತ್ರೆ ಕೊಂಡು ಮನೆಗೆ ಬಂದೆವು. ಅವ್ವ ಅದನ್ನು ಮಷೀನಿನ ಮೇಲಿಟ್ಟು ಕೆಲಸಕ್ಕೆ ಕೂತಳು. ಅವಳು ಮಾತ್ರೆ ನುಂಗುವವಳಲ್ಲ. ಹಿಂದೆ ತಂದವೆಲ್ಲ ಗೂಡಿನಲ್ಲಿ ಹಾಗೇ ಇದ್ದವು.

"ತಗೋ ಅವ್ವಾ."

"ಯಾತರದು ಇದು?"

ಸುಮ್ಮನೆ ನೋವಿಂದು ಎಂದುಬಿಡಬಹುದಿತ್ತು. ಬಾಯಿ ಬರಲಿಲ್ಲ.

"ಕೀಲಿನಾಗ ಆ ಎಳಿ ಇರ್ತಾವಲ್ಲ, ಅವು ಸವೆದ್ಹೋಗ್ಯಾವು. ಮತ್ತ ಹುಟ್ಟಲಿ ಅಂತ ಕೊಡ್ತಾರ."

ಅವಳ ಕಾಲು ನಿಂತಿತು.

"ಯಾವ ಎಳಿ? ತಮ್ಮಗ ಹೆಚ್ಚಾಗಿತ್ತಲ್ಲ, ಅದಽ ಏನು?"

"ಹೂಂ, ಅದಽ."

"ಅವನಾಗ ಇಡಾಕ ಜಾಗ ಇಲ್ದಂಗ ತುಂಬಿತ್ತು. ನನ್ನಾಗ ಖಾಲಿ ಆತೇನು?"

"ತುಳಿದೂ ತುಳಿದೂ ಖಾಲಿ ಆತವ್ವಾ," ಎಂದೆ.

ಅವ್ವ ಒಂದು ಮಾತ್ರೆಯನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಪ್ರಸಾದ ತೆಗೆದುಕೊಳ್ಳುವಾಗ ಮಾಡುವಂತೆ ಎರಡೂ ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ನಾನು ನೀರು ಕೊಟ್ಟೆ.

"ಅಂದ್ರ ಈಗ ಒಳಗಿನ ಮಷೀನು ಜೋರು ಓಡ್ಬೇಕು."

"ಓಡ್ಬೇಕವ್ವಾ."

ಅವ್ವ ಒಳಗೆ ಕೂತಿದ್ದ ಅಪ್ಪನನ್ನು ಕರೆದಳು. "ಏನ್ರೀ, ಆ ಮೋಟರ್ ತಗೊಂಬರ್ರಿ."

ಅಪ್ಪ ಎರಡನೇ ಸಲ ಕೇಳಲಿಲ್ಲ. ಚೀಲದ ಗಂಟು ಬಿಚ್ಚಿದ. ಇಷ್ಟು ವರ್ಷ ಎಣ್ಣೆ ಕುಡಿದ ಮೋಟರು ನಿನ್ನೆ ಬಿಚ್ಚಿದ್ದರ ಹಾಗಿತ್ತು. ಸ್ಕ್ರೂ ಬಿಗಿದ, ಚರ್ಮದ ಬೆಲ್ಟು ಬಿಚ್ಚಿ ಸುತ್ತಿಟ್ಟ, ಒತ್ತುವ ಸ್ವಿಚ್ಚನ್ನು ಅವ್ವನ ಬಲಗಾಲಿನ ಕೆಳಗೆ ಸರಿಸಿದ. ಅವ್ವ ಒಂದು ಚಿಂದಿಯ ಮೇಲೆ ಓಡಿಸಿ ನೋಡಿದಳು. ಆಮೇಲೆ ಜೇಬಿನ ಬಟ್ಟೆ ಕೈಗೆತ್ತಿಕೊಂಡಳು. ಗುರ್ರೆಂದು ಶುರುವಾಯಿತು. ನಮ್ಮ ಮನೆಯೂ ಓಣಿಯ ಎಲ್ಲ ಮನೆಗಳ ಹಾಗಾಯಿತು.

ಇಷ್ಟು ವರ್ಷ ಇದಕ್ಕಾಗಿ ಜಗಳವಾಡಿದವಳು ನಾನೇ. ಈಗ ನಿಲ್ಲಿಸವ್ವಾ ಎಂದು ಕೂಗಬೇಕೆನಿಸಿತು. ಆ ಟಕಟಕದ ಹಿಂದೆಯೇ ಇನ್ನೂ ಒಂದು ಅಕ್ಕಾ ಬಂದೀತೆಂದು ನಾನು ಕಾಯುತ್ತಿದ್ದೆನೆಂಬುದು ಅದು ನಿಂತ ಮೇಲೆ ತಿಳಿಯಿತು. ನೆಲದ ಮೇಲೆ, ಅವನು ಮಲಗುತ್ತಿದ್ದ ಜಾಗದಲ್ಲಿ ಕೂತು, ಅಂಗೈಯನ್ನು ಮಷೀನಿನ ಕಬ್ಬಿಣದ ಕಾಲಿಗೆ ಇಟ್ಟೆ. ಸಣ್ಣ ನಡುಕ ಕೈಗೆ ಹತ್ತಿತು. ಅವನಾಗಿದ್ದರೆ ಕೈ ಕಿತ್ತುಕೊಳ್ಳುತ್ತಿದ್ದ.

ಆಗ ಕೆಳಗೆ ನೋಡಿದೆ. ಅವ್ವನ ಬಲಗಾಲು ಸ್ವಿಚ್ಚನ್ನು ಒತ್ತಿ ಹಿಡಿದಿತ್ತು. ಬೆಲ್ಟಿಲ್ಲದ ಹಳೆಯ ಪೆಡಲಿನ ಮೇಲೆ ಅವಳ ಎಡಗಾಲು ಮೊದಲಿನ ಹಾಗೇ, ನಿಧಾನವಾಗಿ, ತುಳಿಯುತ್ತಲೇ ಇತ್ತು.